ಎಡಗಾಲಿನ ಬೂಟು

ಮೇಷ್ಟ್ರೇ,

ನಿನ್ನೆ ಶನಿವಾರ ಸಂಜೆ ನನ್ನ ಎಡಗಾಲಿನ ಬೂಟನ್ನು ನಾನೇ ನಿಮ್ಮ ಮನೆಗೆ ತಂದುಕೊಟ್ಟೆ. ವೇಗನಡಿಗೆ ಕಲಿಸಿದ ಏಳು ವರ್ಷವೂ ಪ್ರತಿ ಶನಿವಾರ ಅದನ್ನು ಕಸಿದುಕೊಂಡು ಹೋಗುತ್ತಿದ್ದಿರಿ. "ಭಾನುವಾರ ಕಾಲಿಗೆ ರಜ. ಒಂಟಿ ಬೂಟಲ್ಲಿ ಅದ್ಹೇಗೆ ನಡೀತೀಯೋ ನೋಡ್ತೀನಿ!" ನಿಮ್ಮನ್ನು ಮಣ್ಣು ಮಾಡಿ ಮೂರು ತಿಂಗಳಾಯಿತು. ಕಸಿಯುವವರಿಲ್ಲದೆ ದಿನವೂ ನಡೆದು ಮೊಣಕಾಲು ಊದಿಸಿಕೊಂಡಿದ್ದೇನೆ.

ಬಾಗಿಲು ತೆರೆದ ನಿಮ್ಮ ಹೆಂಡತಿ ಸೋಯ್ಲಾ ಬೂಟು ನೋಡಿ ನಕ್ಕರು. "ನೀನು ಬಚ್ಚಿಟ್ಟಿರೋ ಇನ್ನೊಂದು ಜೊತೆ ಯಾರು ತಂದ್ಕೊಡ್ತಾರಮ್ಮ?"

ನನ್ನ ಮುಖ ಬಿಸಿಯಾಯಿತು. "ಮೇಷ್ಟ್ರಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಭಾನುವಾರ ಐದಕ್ಕೇ ಎದ್ದು ಈ ಕಿಟಕಿ ಹತ್ರ ಕೂರ್ತಿದ್ರು. ನೀನು ಹೊಳೆ ಆಚೆ ದಂಡೇಲಿ ನಡ್ಕೊಂಡು ಹೋಗಿ ವಾಪಸ್ ಬರೋವರೆಗೂ ಕಾಫಿ ಮುಟ್ತಿರ್ಲಿಲ್ಲ. 'ಕತ್ತೆ, ಎಲ್ಲಾದ್ರೂ ಬಿದ್ದುಗಿದ್ದಾಳು' ಅಂತ."

ವಾರಕ್ಕೆ ಅದೊಂದೇ ದಿನ ನಿಮಗೂ ರಜ ಇದ್ದದ್ದು. ಕಾಣುವುದಿಲ್ಲ ಎಂದುಕೊಂಡೇ ನಾನು ಆಚೆ ದಂಡೆ ಹಿಡಿದಿದ್ದೆ.

ಇವತ್ತು ಆ ಎರಡನೇ ಜೊತೆಯನ್ನೂ ತಂದಿದ್ದೇನೆ. ಸೋಯ್ಲಾ ಜೊತೆ ಕೂತು ಒಂದು ಬುಟ್ಟಿ ಜೋಳ ಬಿಡಿಸಿ, ಈಗ ನಿಮ್ಮ ಕುರ್ಚಿಯಲ್ಲೇ ಇದನ್ನು ಬರೆಯುತ್ತಿದ್ದೇನೆ. ಮೇಜಿನ ಕೆಳಗೆ ಕಾಲು ಇನ್ನೂ ಸುಮ್ಮನಾಗಿಲ್ಲ. ಕಿಟಕಿಯಿಂದ ತೊಮೆಬಾಂಬಾ ಹೊಳೆ, ಅದರಾಚೆಯ ದಾರಿ ಎಲ್ಲ ಕಾಣುತ್ತದೆ. ಇಷ್ಟು ಚೆನ್ನಾಗಿ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ.

ನಿಮ್ಮ ಲೋಟಕ್ಕೂ ಕಾಫಿ ಬಗ್ಗಿಸಿಟ್ಟಿದ್ದೇನೆ. ಬಿಸಿ ಇರುವಾಗಲೇ ಕುಡಿಯಿರಿ ಮೇಷ್ಟ್ರೇ, ಇವತ್ತು ದಂಡೆಯ ಮೇಲೆ ಯಾರೂ ಇಲ್ಲ.