ಹೊಳೆ ಬಿಟ್ಟುಕೊಟ್ಟ ವ್ಯಾನು

ಶಾಲೆಯ ಮಹಡಿ,
ಗುರುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೂ,

ಹೇಗಿದ್ದೀಯಪ್ಪ? ಕೆಮ್ಮು ಕಡಿಮೆಯಾಯಿತೇ? ಮೇಲೆ ಗುಡ್ಡದಲ್ಲಿ ಚಳಿ ಜೋರಿರಬೇಕು. ನಾನು ಹೊಲಿದು ಕಳಿಸಿದ ದಪ್ಪ ಕೋಟು ಪೆಟ್ಟಿಗೆಯಲ್ಲೇ ಮಡಚಿಕೊಂಡು ಬಿದ್ದಿರುತ್ತದೆ ಎಂದು ನನಗೆ ಗೊತ್ತು. ಅಷ್ಟು ದೊಡ್ಡ ಜೆಸಿಬಿ ಓಡಿಸುವವನಿಗೆ ನಾಲ್ಕು ಗುಂಡಿ ಹಾಕಿಕೊಳ್ಳಲು ಸೋಮಾರಿತನ. ಇಲ್ಲಿ ಫೋನುಗಳೆಲ್ಲ ಸತ್ತುಹೋಗಿವೆ. ಅಕ್ಕಿ ತಂದ ಲಾರಿಯವನು ರಸ್ತೆ ಇರುವಷ್ಟು ದೂರ ಮೇಲೆ ಹೋಗುತ್ತಾನಂತೆ, ಅದಕ್ಕೇ ಈ ಕಾಗದ.

ಅಮ್ಮ, ನಾನು ಇಬ್ಬರೂ ಉಳಿದುಕೊಂಡಿದ್ದೇವೆ. ಮನೆಯೊಳಗೆ ಕಿಟಕಿಯ ಮಟ್ಟಕ್ಕೆ ಕೆಸರು ಕೂತಿದೆ. ಎಲ್ಲರೂ ಬಟ್ಟೆಬರೆ ಹೊತ್ತು ಓಡಿದರೆ ನಾನು ಹೊಲಿಗೆ ಯಂತ್ರವನ್ನು ಮಗುವಿನಂತೆ ಸೊಂಟಕ್ಕೇರಿಸಿಕೊಂಡು ಶಾಲೆಯ ಮೆಟ್ಟಿಲು ಹತ್ತಿದೆ. ನೋಡಿದವರು ಆ ಗಡಿಬಿಡಿಯಲ್ಲೂ ನಕ್ಕರು. ಈಗ ಒಂದೇ ತರಗತಿಯಲ್ಲಿ ನಾಲ್ಕು ಸಂಸಾರ. ಕರಿಹಲಗೆಯ ಮೇಲೆ ಯಾರೋ ಅರ್ಧಕ್ಕೆ ಬಿಟ್ಟ ಗುಣಾಕಾರವಿದೆ, ಅಳಿಸಲು ಯಾರಿಗೂ ಮನಸ್ಸಿಲ್ಲ.

ನಮ್ಮೂರಲ್ಲಿ ವಯಸ್ಸು ಕೇಳಿದರೆ ನೆರೆಯ ಲೆಕ್ಕ ಹೇಳುತ್ತಾರಲ್ಲ. ಅಜ್ಜನ ಕಾಲದ ನೆರೆಯಲ್ಲಿ ಗುಡ್ಡದಿಂದ ಮರದ ದಿಮ್ಮಿಗಳು ತೇಲಿಬಂದು ಗೋಡೆಗಳಿಗೆ ಗುದ್ದಿ ಕೆಳಗಿನ ಬೀದಿಯನ್ನೇ ಕೆಡವಿದವು. ಉಳಿದವರು ಒಂದು ಬೀದಿ ಮೇಲಕ್ಕೆ ಬಂದು ಮನೆ ಕಟ್ಟಿದರು. ಅಪ್ಪ ಹೋದ ನೆರೆಯ ಹೊತ್ತಿಗೆ ಗುಡ್ಡದಲ್ಲಿ ಮರಗಳೇ ಇರಲಿಲ್ಲ, ಬರೀ ಕೆಂಪು ನೀರು ಬಂತು. ಈ ಸಲ ಗುಡ್ಡವೇ ಇಳಿದುಬಂದಿದೆ. ಅತ್ತ ಬಯಲಿನ ಹಳ್ಳಿಗಳಲ್ಲಿ ನೀರು ಇನ್ನೂ ಕದಲಿಲ್ಲವಂತೆ, ಜನ ಮಾಡಿನ ಮೇಲೆ ಕೂತಿದ್ದಾರಂತೆ. ಎಲ್ಲ ಒಂದೇ ಮಳೆ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ನಿಂತಿದ್ದರೆ ಎಲ್ಲಾದರೂ ಕೂತು ಓದು. ಅಪ್ಪ ಸಿಕ್ಕಿದರು.

ಸೇತುವೆಯ ಕೆಳಗಿನ ತಿರುವಿನಲ್ಲಿ ಹೊಳೆ ದಡವನ್ನು ಕೊರೆದು ಬೀಳಿಸಿದೆ. ಅಲ್ಲಿ ಇಟ್ಟಿಗೆ ಭಟ್ಟಿಯವರಿಗೆ ಮಣ್ಣಿನ ನಡುವೆ ಒಂದು ವ್ಯಾನಿನ ನೆತ್ತಿ ಕಂಡಿತು. ಪಕ್ಕದಲ್ಲಿ ಅಪ್ಪ ಕೆಲಸಕ್ಕಿದ್ದ ಬ್ರೆಡ್ ಕಾರ್ಖಾನೆಯ ನೀಲಿ ಅಕ್ಷರ. ನನ್ನನ್ನು ಕರೆಸಿದರು. ಡ್ರೈವರ್ ಸೀಟಿಗೆ ರೆಕ್ಸಿನ್ ಹೊದಿಕೆ. ಹೊಲಿಗೆ ಕಲಿಯುವಾಗ ನಾನು ಮಾಡಿದ ಮೊದಲ ಕೆಲಸ ಅದು. ಒಂದು ಅಂಚು ಸೊಟ್ಟ. ಅಪ್ಪ ಆ ಸೊಟ್ಟ ಅಂಚನ್ನೇ ಎಲ್ಲರಿಗೂ ತೋರಿಸಿ ಹೆಮ್ಮೆಪಡುತ್ತಿದ್ದರು. ಬೆಲ್ಟು ಹಾಕಿದ ಹಾಗೇ ಇತ್ತು. ಉಳಿದದ್ದನ್ನು ಬರೆಯಲಾರೆ. ಹಿಂದೆ ಟ್ರೇಗಳು ಒಂದರ ಮೇಲೊಂದು ಇದ್ದವು, ಒಳಗೆಲ್ಲ ಮಣ್ಣು.

ಇಷ್ಟು ವರ್ಷ ಊರು ಏನೆಲ್ಲ ಅಂದಿತು ಹೇಳು. ಹೆಣ ಸಿಗಲಿಲ್ಲವಲ್ಲ, ನೆರೆಯ ನೆಪದಲ್ಲಿ ಸಂಸಾರಕ್ಕೆ ಕೈಕೊಟ್ಟು ಹೋದ ಅಂದರು. ಗುಡ್ಡದಾಚೆಯ ಬಸ್ ನಿಲ್ದಾಣದಲ್ಲಿ ಕಣ್ಣಾರೆ ಕಂಡೆ ಎಂದ ಕ್ಷೌರದಂಗಡಿಯವನ ಕೆನ್ನೆಗೆ ನೀನು ಬಾರಿಸಿದೆ. ಆಮೇಲೆ ನೀನೇ ಅವನ ಮಾತನ್ನು ನಂಬಿಬಿಟ್ಟೆ. ಅಪ್ಪನ ಹೆಸರೆತ್ತಿದರೆ ತಟ್ಟೆ ಬಿಟ್ಟು ಏಳುತ್ತಿದ್ದೆ. ಕೊನೆಗೆ ಗುಡ್ಡದ ರಸ್ತೆ ಕೆಲಸ ಹಿಡಿದದ್ದೂ ಅವರನ್ನು ಹುಡುಕಲಿಕ್ಕೇ. ನೀನು ಹೇಳದಿದ್ದರೂ ನನಗೆ ಗೊತ್ತಿತ್ತು ಕಣೋ. ಇನ್ನು ಬಸ್ ನಿಲ್ದಾಣಗಳಲ್ಲಿ ನಿಂತು ಮುದುಕರ ಮುಖ ನೋಡುವುದನ್ನು ಬಿಡು. ಅಪ್ಪ ಎಲ್ಲಿಗೂ ಹೋಗಿರಲಿಲ್ಲ.

ಕ್ಷೌರದಂಗಡಿಯವನು ಸುದ್ದಿ ಕೇಳಿ ಬಂದ. ಅವನ ಅಂಗಡಿಯೂ ಹೋಗಿದೆ, ಮೈಮೇಲಿನ ಅಂಗಿಯೂ ಇನ್ಯಾರದ್ದೋ. ತರಗತಿಯ ಬಾಗಿಲಲ್ಲೇ ನಿಂತು, "ನಾನು ನೋಡಿದ್ದು ಬೇರೆ ಯಾರನ್ನೋ ಇರ್ಬೇಕು ಅಮ್ಮ" ಎಂದ. ಅಮ್ಮ ಉಗಿದು ಕಳಿಸುತ್ತಾಳೆ ಎಂದುಕೊಂಡೆ. ಅವಳು ಅವನಿಗೆ ಬೆಂಚು ತೋರಿಸಿದಳು.

"ನೀನು ಅವತ್ತು ಹಾಗಂದಿದ್ದಕ್ಕೇ ನಾನು ಇಷ್ಟು ದಿನ ಬದುಕಿದ್ದು ಕಣಪ್ಪ. ಎಲ್ಲೋ ಇದ್ದಾರಲ್ಲ, ಯಾರ ಜೊತೆ ಆದ್ರೂ ಇರ್ಲಿ ಅಂದ್ಕೊಂಡು."

ಅವನು ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ನಾನು ಹೊರಗೆದ್ದು ಹೋದೆ. ಹನ್ನೊಂದು ವರ್ಷ ಅವಳ ಪಕ್ಕದಲ್ಲೇ ಮಲಗಿದವಳು ನಾನು, ಇದೊಂದು ನನಗೆ ತಿಳಿದಿರಲಿಲ್ಲ.

ನಿನ್ನೆ ಶಾಲೆಯ ಹಿಂದಿನ ದಿಬ್ಬದಲ್ಲಿ ಮಣ್ಣು ಮಾಡಿದೆವು. ಗಟ್ಟಿ ನೆಲ ಅಂತ ಇರುವುದು ಅದೊಂದೇ. ಗುಂಡಿ ತೋಡಿದ್ದು ಕ್ಷೌರದಂಗಡಿಯವನು, ಯಾರಿಗೂ ಗುದ್ದಲಿ ಕೊಡಲಿಲ್ಲ. ನಿನ್ನ ಪರವಾಗಿ ಒಂದು ಹಿಡಿ ಮಣ್ಣನ್ನು ನಾನೇ ಹಾಕಿದೆ. ಅಮ್ಮ ಅಳಲಿಲ್ಲ. ಬಂದವಳು ಗೋಡೆಗೆ ಮುಖ ಮಾಡಿ ಕೂತಿದ್ದಾಳೆ. ಗಂಜಿ ಕೊಟ್ಟರೆ ಕುಡಿಯುತ್ತಾಳೆ, ಇಲ್ಲದಿದ್ದರೆ ಇಲ್ಲ.

ಅಮ್ಮನ ಕೈ ನಿನ್ನ ತಲೆಯ ಮೇಲಿದೆ ಎಂದುಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಜೊತೆ ಕೆಲಸದವರನ್ನೆಲ್ಲ ಕೇಳಿದೆನೆಂದು ಹೇಳು.

ನಿನ್ನ
ಅಕ್ಕ

ತಾ.ಕ.: ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಮೇಲೆ ಗುಡ್ಡ ಕುಸಿದು ರಸ್ತೆ ಕೆಲಸದವರ ಶೆಡ್ಡಿನ ಮೇಲೆ ಬಿತ್ತೆಂದು ಬೆಳಿಗ್ಗೆ ರೇಡಿಯೋದಲ್ಲಿ ಹೇಳಿದರು. ಹೆಸರು ಹೇಳಲಿಲ್ಲ. ಅಮ್ಮನ ಕಿವಿಗೆ ಬೀಳುವ ಮೊದಲೇ ಆರಿಸಿದೆ. ನೀನು ಬರಬೇಡ, ದಾರಿ ನೆಚ್ಚುವ ಹಾಗಿಲ್ಲ. ಈ ಕಾಗದದ ಹಿಂದೆಯೇ ಏನಾದರೂ ಗೀಚಿ ಲಾರಿಯವನ ಕೈಗೆ ಕೊಡು. ನನ್ನನ್ನು ಬೈದಾದರೂ ಬರೆ. ನಿನ್ನ ಅಕ್ಷರ ಕಂಡರೆ ಸಾಕು.