ಶನಿವಾರ ಅಂದುಬಿಟ್ಟೆ

ನವೆಂಬರ್ 18, ಮಂಗಳವಾರ. ಬ್ಲೆಡ್.

ಮೌಳಿಯ ಕೆಲಸ ಹೋಯ್ತು. ಸಂಜೆ ಸರೋವರದ ದಂಡೇಲಿ ನಡೀತಿದ್ದಾಗ ಸಿಯಾಟಲ್‌ನಿಂದ ಅವನ ಮ್ಯಾನೇಜರ್ ಕಾಲ್ ಮಾಡಿ ಹೇಳಿದರು. ನಮ್ಮಿಬ್ಬರ ವೀಸಾನೂ ಅದೇ ಕೆಲಸದ್ದು. ವಾಪಸ್ ಹೋದಾಗ ಸಿಯಾಟಲ್ ಏರ್‌ಪೋರ್ಟಲ್ಲಿ ನಮ್ಮನ್ನು ಒಳಗೆ ಬಿಡದಿದ್ದರೆ? ನಮ್ಮ ಸುಮುಖ್ ಅಲ್ಲೇ ಹತ್ತಿರದ ಮಿಲ್ ಕ್ರೀಕ್‌ನಲ್ಲಿ ನನ್ನ ಗೆಳತಿ ರಜನಿ ಮನೇಲಿದಾನೆ. ಅವನಿಗಿನ್ನೂ ಏಳು ವರ್ಷ.

ಸೀಸನ್ ಮುಗಿದಿದೆ, ದೋಣಿಗಳನ್ನೆಲ್ಲ ಕಟ್ಟಿಹಾಕಿದಾರೆ. ಜನ ಇಲ್ಲದಾಗ ರಜೆ ಹಾಕಿ ಪರದೇಶದ ಈ ಹಳೇ ಊರು ನೋಡೋಣ ಅಂತ ಹಟ ಹಿಡಿದವಳು ನಾನೇ.

ಊಟಕ್ಕೆ ಕೂತಿದ್ವಿ. ಅಷ್ಟರಲ್ಲಿ ಸುಮುಖ್ ಕಾಲ್ ಮಾಡಿದ.

"ಅಮ್ಮಾ, ವೆನ್ ಆರ್ ಯೂ ಕಮಿಂಗ್ ಹೋಮ್?"

"ಶನಿವಾರ, ಪುಟ್ಟಾ."

ಫೋನ್ ಇಟ್ಟಮೇಲೆ ಮೌಳಿ, "ಅಷ್ಟು ಖಂಡಿತವಾಗಿ ಹೇಳ್ಬಿಟ್ಟೆಯಲ್ಲ" ಅಂದ.

"ಮತ್ತೇನು ಹೇಳ್ಬೇಕಿತ್ತು?"

ನಾಳೇನೇ ಹೊರಡೋಣ ಅಂದೆ. ಅವನು ತಲೆಯಾಡಿಸಿ ಫ್ಲೈಟ್ ಹುಡುಕ್ತಿದಾನೆ. ಬಾಗಿಲಲ್ಲೇ ತಡೆದರೆ ತಡೀಲಿ, ಮಗು ಇರೋ ಕಡೆಗೆ ಅಷ್ಟಾದರೂ ಹತ್ತಿರ ಹೋಗಿರ್ತೀವಿ.