ಲಾಲ್ ಚಾಚಾರ ಹಾಡಿನಂಗಡಿ

ಜನವರಿ 7, ಮಂಗಳವಾರ

ಒಂಬತ್ತನೇ ಕ್ಲಾಸಿನ ಹಿಂದಿ ಪೇಪರ್ ತಿದ್ದಿ ಮುಗಿಯಲಿಲ್ಲ. ನಾಳೆ ಹೆಡ್ ಮಾಸ್ಟರ್ ಬೈತಾರೆ. ಬೈಯಲಿ. ಶಾಲೆ ಬಿಟ್ಟವಳೇ ಸೇಡಂ ರಸ್ತೆಯಿಂದ ಆಟೋ ಹಿಡಿದು ಶಹಾಬಜಾರ, ಲಾಲ್ ಅಹ್ಮದ್ ಚಾಚಾರ ಅಂಗಡಿ. ಹೊಸ ಸರಕು ಬಂದಿದೆ — ಯಾರೋ ವಾಡೆ ಕೆಡವುವಾಗ ಕೊಟ್ಟ ಹಳೆಯ ರಿಕಾರ್ಡುಗಳು. ಅರ್ಧಕ್ಕರ್ಧ ಬೂಷ್ಟು. ಚಾಚಾ ಒದ್ದೆ ಬಟ್ಟೆಯಿಂದ ಒಂದೊಂದೇ ಒರೆಸುತ್ತಿದ್ದರು, ಕೂಸಿನ ಮುಖ ಒರೆಸಿದ ಹಾಗೆ.

ಎದುರಿನ ಟೇಲರ್ ಚಾಂದಪಾಶಾ ಕೆಣಕಿದ. “ಎಲ್ಲಾರೂ ಮೊಬೈಲ್‌ದಾಗ ಕೇಳ್ತಾರ ಚಾಚಾ. ಈ ತವಾ ಯಾರು ತಗೋತಾರ? ಒಲಿ ಮ್ಯಾಲಿಟ್ಟು ರೊಟ್ಟಿ ಬೇಯಿಸ್ರಿ.”

“ತಗೋಳ್ಳಿಕ್ಕಲ್ಲೋ, ಕೇಳ್ಲಿಕ್ಕ ಬರ್ತಾರ. ಬರಲಿ. ಕೂಡಲಿ.”

ಕೆಮ್ಮು ಜಾಸ್ತಿ. ಡಾಕ್ಟರಿಗೆ ತೋರಿಸಿ ಎಂದೆ. “ಶನಿವಾರ ನೋಡೋಣು ಬೇಟಿ.”

ಜನವರಿ 10, ಶುಕ್ರವಾರ

ಚಾಚಾ ಹೋದರು. ಬೆಳಗಿನ ನಮಾಜಿಗೆ ಕೂತವರು ಏಳಲಿಲ್ಲವಂತೆ.

ಬರೆಯಲಾಗುತ್ತಿಲ್ಲ…

ಜನವರಿ 12

ಮೊನ್ನೆ ಗಲ್ಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಖವ್ವಾಲಿಯವರು, ಬ್ಯಾಂಡಿನವರು, ಭಜನಾ ಮೇಳದವರು, ಕಪನೂರಿನ ಕಾರ್ಖಾನೆಯಿಂದ ಯೂನಿಫಾರ್ಮಿನಲ್ಲೇ ಬಂದ ಹುಡುಗರು. ಗಂಡಸರು ಖಬರಸ್ತಾನಕ್ಕೆ ಹೋದರು. ನಾನು ಒಳಗೆ, ಹೆಂಗಸರ ನಡುವೆ. ಜೈನಾಬಿ ಚಾಚಿ ಗೋಡೆಗೊರಗಿ ಕೂತಿದ್ದರು. ಅಳಲಿಲ್ಲ.

ಕಮಲಾಪುರದಿಂದ ತತ್ವಪದ ಹಾಡುವ ಗುಂಡಮ್ಮ ಮೇಳ ಕಟ್ಟಿಕೊಂಡು ಟೆಂಪೋದಲ್ಲಿ ಬಂದಿದ್ದಳು. ಅತ್ತು ಅತ್ತು ದನಿ ಕಟ್ಟಿತ್ತು. “ನಮ್ಮ ಹಾಡು ಯಾರಿಗಿ ಬೇಕಾಗಿತ್ರೀ? ಇವರೊಬ್ರೇ ಟೇಪು ಹೊತ್ಕೊಂಡು ನಮ್ಮ ಬಾಗಲಿಗಿ ಬಂದ್ರು. ಸಗಣಿ ಕೈ ತೊಳಕೊಂಡು ಬಂದು ಹಾಡೀನಿ.”

ನನಗೂ ಹೇಳಬೇಕೆನಿಸಿತು. ಒಬ್ಬ ಹುಡುಗಿ ಸ್ಟೂಲ್ ಮೇಲೆ ಕೂತು ಸಂಜೆತನಕ ಹಾಡು ಕೇಳಿದರೆ — ಯಾಕೆ, ಯಾರ ಮಗಳು ಎಂದು ಯಾರೂ ಕೇಳದ ಜಾಗ ಆಗ ಈ ಊರಿನಲ್ಲಿ ಚಾಚಾರ ಅಂಗಡಿಯೊಂದೇ. ಹೇಳಲಿಲ್ಲ.

ಜನವರಿ 26

ಧ್ವಜಾರೋಹಣ ಮುಗಿಸಿ ಶಹಾಬಜಾರ. ಅಂಗಡಿಯ ಶಟರ್ ಇಳಿದೇ ಇದೆ. ಯಾರೋ ಮಲ್ಲಿಗೆ ಸರ ಸಿಕ್ಕಿಸಿದ್ದಾರೆ, ಒಣಗಿದೆ.

ನಲವತ್ತನೇ ದಿನಕ್ಕೆ ಗಲ್ಲಿಯಲ್ಲೇ ದೊಡ್ಡ ಕಾರ್ಯಕ್ರಮ, ಚಾಂದಪಾಶಾನ ಮುಂದಾಳತ್ವ. ಮೈಕ್, ಪೆಂಡಾಲ್, ಎಲ್ಲ ಮೇಳದವರೂ ಹಾಡುವುದು. ನಾನೂ ಹುರುಪಿನಿಂದ ಹ್ಞೂಂ ಎಂದೆ. ಚಾಚಾರ ಫೋಟೋ ಹಾಕಿದ ಬ್ಯಾನರ್ ಆಗಲೇ ಪ್ರಿಂಟ್ ಆಗಿದೆ!

“ಚಾಚಿಗಿ ನೀವೇ ಹೇಳ್ರಿ ಟೀಚರ್. ಅವರು ಗಂಡ ಹೋದ ಮ್ಯಾಲಿನ ಇದ್ದತ್‌ನಾಗ ಅದಾರ. ಹೊರಗ ಬರಂಗಿಲ್ಲ, ಗಂಡಸರಿಗಿ ಕಾಣಂಗಿಲ್ಲ. ಇನ್ನೂ ನಾಕು ತಿಂಗಳ ಮಾತು” ಎಂದ ಚಾಂದಪಾಶಾ.

ಫೆಬ್ರವರಿ 2

ಬ್ಯಾನರ್ ಬಿಚ್ಚಿ ತೋರಿಸಿದೆ. ಚಾಚಿ ಬಹಳ ಹೊತ್ತು ನೋಡಿದರು. ಚಹಾ ಆರಿತು.

“ಬಂದವರೆಲ್ಲಾ ನಮ್ಮ ಚಾಚಾ ಹೋದ್ರು ಅಂತಾರ. ನಮ್ಮ ಅಂಗಡಿ ಹೋಯ್ತು ಅಂತಾರ. ಖರೇ ಅದ. ದಿನಾ ಇಡೀ ಊರಿಗಿ ಹಂಚಿ, ಉಳಿದದ್ದು ರಾತ್ರಿ ಮನಿಗಿ ತರೋರು. ಉಂಡು ಮಲಗೋರು. ನನ್ನ ಪಾಲಿಗಿ ಅಷ್ಟೇ ಇತ್ತು ವಿದ್ಯಾ. ಈಗ ಅದಕ್ಕೂ ಮೈಕ್ ಹಚ್ಚತೀರೇನು?”

ಬ್ಯಾನರ್ ಸುತ್ತಿಕೊಂಡೆ. ಬಾಗಿಲತನಕ ಬಂದು ನಿಂತು, “ಸಿಟ್ಟಾಗಬ್ಯಾಡ ಬೇಟಿ” ಎಂದರು. ಸಿಟ್ಟಾಗಬೇಕಾದವರು ಅವರು.

ಚಾಂದಪಾಶಾನಿಗೆ ಹೇಳಿದೆ. ಪೆಂಡಾಲಿನವನಿಗೆ ಫೋನ್ ಹಚ್ಚಿ ಬೇಡ ಎಂದ.

ಫೆಬ್ರವರಿ 9

ಬಸ್ಸಿನಲ್ಲಿ ಕಮಲಾಪುರ. ಗುಂಡಮ್ಮನ ಮೇಳ ತಯಾರಾಗಿ ಕೂತಿದೆ, ಫೋನಿನಲ್ಲಿ ಹೇಳುವ ಮಾತಲ್ಲ. ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಎಲ್ಲ ಹೇಳಿದೆ. ಮೊರ ಕೆಳಗಿಟ್ಟಳು.

“ಬ್ಯಾಡಂದ್ರ ಬ್ಯಾಡ. ಹಾಡ್ಲಿಕ್ಕೇ ಹೋಗಬೇಕೇನ್ರೀ? ಕೂಡ್ಲಿಕ್ಕ ಹೋಗ್ತೀನಿ.”

ಬರುವಾಗ ಕೆಂಪು ಬಾಳೆಹಣ್ಣಿನ ಚಿಪ್ಪು ಚೀಲಕ್ಕೆ ತುರುಕಿದಳು. ಅರ್ಧ ಜೈನಾಬಿಗೆ ಎಂದು ತಾಕೀತು.

ಫೆಬ್ರವರಿ 18, ಮಂಗಳವಾರ

ನಲವತ್ತು. ರಜೆ ಹಾಕಿದೆ.

ಮೈಕ್ ಇಲ್ಲ, ಪೆಂಡಾಲ್ ಇಲ್ಲ. ಆದರೂ ಜನ ಬಂದರು. ಗಲ್ಲಿಯಲ್ಲಿ ಜಮಖಾನೆ ಹಾಸಿ ಕೂತರು, ತಬಲಾದವರು ಬರಿಗೈಯಲ್ಲಿ. ಅಷ್ಟು ಹಾಡುವ ಬಾಯಿಗಳು ಒಟ್ಟಿಗೆ ಸುಮ್ಮನಿದ್ದದ್ದು ನಾನು ಕಂಡಿರಲಿಲ್ಲ.

ಒಳಗೆ ಅಡುಗೆ. ಚಾಚಿ, ಗುಂಡಮ್ಮ, ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆವು. ಚಾಚಿ ತಲೆ ಎತ್ತದೇ ಕೇಳಿದರು. “ಗುಂಡಮ್ಮಾ, ನಿನಗ ಭಾಳ ಹಾಡು ಬರ್ತಾವಲ್ಲ. ಒಂದು ಕೇಳ್ಲಾ?”

“ಕೇಳ್ರೀ ಅಕ್ಕಾ.”

“ದಾಡಿ ಮಾಡ್ಕೊಳ್ಳುವಾಗ ಗುಣುಗುಣು ಅಂತಿದ್ರು. ದಿನಾ ಒಂದೇ. ಊರಿನವರು ಕೇಳಿದ ಹಾಡಿನ ಹೆಸರೆಲ್ಲಾ ಹೇಳೋರು… ಇದು ಯಾವುದಂತ ನಾ ಕೇಳಲೇ ಇಲ್ಲ. ನಾಳಿ ಕೇಳಿದರಾಯ್ತು ಅಂತ.”

ಚಾಚಿ ಮೆಲ್ಲಗೆ ಗುನುಗಿದರು. ಗುಂಡಮ್ಮ ಕಣ್ಣು ಮುಚ್ಚಿ ಕೇಳಿ ತಲೆಯಾಡಿಸಿದಳು, ಗೊತ್ತಿಲ್ಲ. ನನಗೂ ಗೊತ್ತಾಗಲಿಲ್ಲ.

“ಅವರಿಗೆಲ್ಲಿ ಸ್ವರ ಇತ್ತು!” ಎಂದು ಚಾಚಿ ನಕ್ಕರು. ನಗುತ್ತ ನಗುತ್ತಲೇ ಅಳು ಬಂತು. ಜನವರಿಯಿಂದ ತಡೆದಿಟ್ಟದ್ದೆಲ್ಲ. ಗುಂಡಮ್ಮ ಬೆಳ್ಳುಳ್ಳಿ ಕೈಯಲ್ಲೇ ತಬ್ಬಿಕೊಂಡಳು.

ಹೊರಗಿನವರಿಗೆ ಕೇಳಿಸಿರಬೇಕು. ಯಾರೂ ಅಲ್ಲಾಡಲಿಲ್ಲ.

ಮಾರ್ಚ್ 15

ರಂಜಾನ್. ಇಫ್ತಾರಿಗೆ ಚಾಚಿಯ ಜೊತೆ. ನಿಮ್ಮ ಗುನುಗು ಫೋನಿನಲ್ಲಿ ತುಂಬಿಸಿ ಬಲ್ಲವರಿಗೆ ಕಳಿಸಲೇ ಎಂದು ಕೇಳಿದೆ.

“ಯಾರಿಗೂ ಕಳಿಸಬ್ಯಾಡ. ಇದ್ದತ್ ಮುಗೀಲಿ. ನಾನೇ ಅಂಗಡಿಗಿ ಬರ್ತೀನಿ.”

ಮೇ 22, ಗುರುವಾರ

ಬಂದರು! ಹೊರಗೆ ಬೆಂಕಿ ಬಿಸಿಲು. ಚಾಂದಪಾಶಾ ಶಟರ್ ಎತ್ತಿದ, ತನ್ನ ಕೂಲರ್ ತಂದಿಟ್ಟ. ಚಾಚಿ ಬುರ್ಖಾದ ತುದಿ ಹಿಡಿದು ಹೊಸ್ತಿಲಲ್ಲೇ ನಿಂತರು. ಹೊಸದಾಗಿ ಮದುವೆಯಾದಾಗ ಒಮ್ಮೆ ಬಂದದ್ದಂತೆ. ಮತ್ತೆ ಇವತ್ತೇ.

“ಇಷ್ಟು ಸಣ್ಣ ಅಂಗಡೀನಾ?” ಎಂದರು. “ಮನಿಗಿ ಬಂದವರ ಮಾತು ಕೇಳಿ ನಾ ದೊಡ್ಡದು ಅಂದ್ಕೊಂಡಿದ್ದೆ.”

ಚಾಚಾರ ಕುರ್ಚಿಯಲ್ಲಿ ಕೂಡಿಸಿದೆ. ರಿಕಾರ್ಡ್ ಹಾಕತೊಡಗಿದೆ. ಒಂದಾದ ಮೇಲೊಂದು. “ಇದಲ್ಲ.” “ಇದೂ ಅಲ್ಲ.”

ಮೇ 31

ದಿನಾ ಸಂಜೆ ಇದೇ ಕೆಲಸ. ಶಾಲೆ ಶುರುವಾಗಿದೆ, ಆದರೂ ಬಿಟ್ಟಿಲ್ಲ. ಜನ ಒಬ್ಬೊಬ್ಬರಾಗಿ ಬಂದು ಕೂರುತ್ತಿದ್ದಾರೆ. ಏನು ಹುಡುಕುತ್ತಿದ್ದೇವೆಂದು ಅವರಿಗೆ ಹೇಳಿಲ್ಲ. ಅವರು ಕೇಳಲೂ ಇಲ್ಲ. ಗುಂಡಮ್ಮ ನಿನ್ನೆ ಬಂದಿದ್ದಳು. ತನ್ನದೇ ಕ್ಯಾಸೆಟ್ ಕೇಳಿ ನಾಚಿ ಸೆರಗು ಮುಚ್ಚಿಕೊಂಡಳು.

ಜೂನ್ 14, ಶನಿವಾರ

ಇವತ್ತು ಒಂದು ಹಳೆಯ ರಿಕಾರ್ಡ್. ಕರಕರ ಸದ್ದಿನ ನಡುವೆ ಹೆಣ್ಣು ದನಿ. ಸೂಜಿ ಇಟ್ಟು ತಿರುಗಿದೆ — ಚಾಚಿಯ ಕೈ ಮಡಿಲಲ್ಲೇ ಬಿಗಿಯಿತು. ತುಟಿ ಅಲ್ಲಾಡುತ್ತಿತ್ತು, ಹಾಡಿಗಿಂತ ಒಂದು ಗೇಣು ಮುಂದೆ. ಮುಂದಿನ ಸಾಲು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಮೊದಲೇ ಗೊತ್ತಿದ್ದವರ ಹಾಗೆ. ಕಣ್ಣಿನಿಂದ ನೀರು ಇಳಿದು ಗದ್ದಕ್ಕೆ ಬಂತು. ಎದುರಿಗೆ ಚಾಂದಪಾಶಾ ಹೊಲಿಗೆ ಮಷೀನ್ ನಿಲ್ಲಿಸಿದ.

ಹಾಡು ಮುಗಿಯಿತು. ಎಲ್ಲರೂ ಅವರನ್ನೇ ನೋಡುತ್ತಿದ್ದೆವು.

ಚಾಚಿ ಕಣ್ಣೊರೆಸಿಕೊಂಡರು. “ಇದಲ್ಲ,” ಎಂದರು. “ನಾಳಿ ಬ್ಯಾರೆ ಹಾಕು.”

ಹ್ಞೂಂ ಎಂದೆ. ರಿಕಾರ್ಡ್ ಎತ್ತಿ ಕವರಿಗೆ ಹಾಕುವಾಗ ಲೇಬಲ್ ಕಣ್ಣೆದುರೇ ಇತ್ತು, ಹೆಸರು ಓದಬಹುದಿತ್ತು. ಬೋರಲು ಮಾಡಿ, ಓದದೇ ಒಳಗಿಟ್ಟೆ. ಅದು ಚಾಚಿಯ ಪಾಲಿನದು.